ಜೊತೆಗೆ ಬಂದವಳು

ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಎಂದು ಗೊತ್ತಾದ ದಿನವೇ ಗಂಡ ಈರಣ್ಣ, "ಯಾರ ಕಡಿಂದ ತಂದಿ ಇದನ್ನ?" ಎಂದು ಮಹಾದೇವಿಯನ್ನು ಮನೆಯಿಂದ ಹೊರಗೆ ದಬ್ಬಿದ. ತವರಿನವರೂ ಬಾಗಿಲು ತೆರೆಯಲಿಲ್ಲ. ಬೆನ್ನಿಗೆ ನಿಂತವಳು ಅತ್ತೆಯೊಬ್ಬಳೇ. ಮಗನನ್ನು ಎದುರು ಹಾಕಿಕೊಂಡು ಸೊಸೆಯನ್ನು ಒಳಗೆ ಕರೆದುಕೊಂಡಳು, ಒಂದೇ ತಟ್ಟೆಯಲ್ಲಿ ಉಂಡಳು, ಇಂದು ಆಸ್ಪತ್ರೆಗೂ ಜೊತೆಗೆ ಬಂದಿದ್ದಳು.

ನರ್ಸ್ ಮಾತ್ರೆಯ ಡಬ್ಬಿ ಕೊಟ್ಟು, ಒಂದು ದಿನವೂ ತಪ್ಪಿಸಬಾರದು ಎಂದಳು. ಮಹಾದೇವಿ ಡಬ್ಬಿ ತೆರೆಯದೆ ಅತ್ತೆಯ ಕಡೆ ತಿರುಗಿದಳು.

"ಅತ್ತಿ, ನೀವೊಬ್ರ ನನ್ನ ನಂಬಿದ್ರಿ. ಆದ್ರ ಈ ಗುಳಿಗಿ ನುಂಗಾಕ ಹೆದರಿಕಿ ಆಗತೈತ್ರಿ."

ಅತ್ತೆ ಅವಳ ತಲೆ ನೇವರಿಸಿದಳು.

"ಹೆದರಬ್ಯಾಡವ್ವಾ. ಮೊದಮೊದಲು ತಲಿ ತಿರಗತೈತಿ, ಆಮ್ಯಾಲೆ ಒಗ್ಗತೈತಿ. ಮದವಿಗಿಂತ ಮೊದಲ ನಮ್ಮ ಈರಣ್ಣ ಇದನ್ನ ತಾಳಲಾರದ ಗುಳಿಗಿ ಬಿಟ್ಟ. ನೀ ಬಿಡಬ್ಯಾಡ."