ಉಪ್ಪು ಬಿಡುವ ತನಕ

ಲೋಟದ ನೀರನ್ನು ನಾಲಿಗೆಗೆ ತಾಗಿಸಿದ ಗಂಡ ಮುಖ ಸಿಂಡರಿಸಿ ಸಮುದ್ರಕ್ಕೆ ಉಗಿದ. "ಇನ್ನೂ ಉಪ್ಪು ಕಣೇ. ಸಾಕು ಬಿಡು, ವಾಪಸ್ ಹೋಗೋಣ."

ಅವರ ಪುಟ್ಟ ಹಾಯಿದೋಣಿಯ ಕುಡಿಯುವ ನೀರಿನ ಟ್ಯಾಂಕು ಬರಿದಾಗಿತ್ತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರದ ಮೋಟಾರು ಕೈಕೊಟ್ಟು, ಕೈಪಂಪೇ ಗತಿಯಾಗಿತ್ತು. ಬೊಬ್ಬೆಯೆದ್ದ ಅಂಗೈಗೆ ಹೆಂಡತಿ ಬಟ್ಟೆ ಸುತ್ತಿಕೊಂಡಳು. "ವಾಪಸ್ ಹೋಗೋಕೂ ನೀರು ಬೇಕಲ್ರೀ. ಉಪ್ಪು ಹೋಗೋವರೆಗೂ ಒತ್ತೋದೇ ಸೈ."

ಅವಳು ಒತ್ತುತ್ತಲೇ ಹೋದಳು. ಅವನು ರುಚಿ ನೋಡುತ್ತ, ಉಗಿಯುತ್ತ ಕುಳಿತ. ಕೊನೆಗೊಮ್ಮೆ ಉಗಿಯಲಿಲ್ಲ, ಕಣ್ಣು ಮುಚ್ಚಿ ಗುಟುಕರಿಸಿದ.

"ಸಪ್ಪೆ!" ಎಂದ. "ಶುದ್ಧ ಸಪ್ಪೆ ಕಣೇ!"

ಮದುವೆಯಾದಾಗಿನಿಂದ ಅವಳ ಅಡುಗೆಗೆಲ್ಲ ಅವನು ಇಡುತ್ತ ಬಂದ ಹೆಸರು ಅದೊಂದೇ. ಅವಳು ಮತ್ತೆ ಪಂಪಿನ ಹಿಡಿಗೆ ಕೈಹಾಕಿದಳು. "ಇನ್ನೊಂದ್ಸಲ ಹೇಳ್ರೀ."