ಮೆಟ್ಟಿಲ ಕೆಳಗೆ ಬಿಟ್ಟ ಶೂ

"ಅಪ್ಪನ ಶೂ ಸಿಕ್ತಂತಮ್ಮ. ಪ್ರಪಾತದ ಅಂಚಲ್ಲಿ ನೀಟಾಗಿ ಜೋಡಿಸಿಟ್ಟಿದಾರಂತೆ, ಸಾಕ್ಸ್ ಬೇರೆ ಮಡಚಿ ಒಳಗಿಟ್ಟಿದಾರಂತೆ. ಬೇಕಂತಲೇ ಹಾರಿರ್ಬೇಕು, ಇನ್ನು ಹುಡುಕಲ್ಲ ಅಂತಿದಾರೆ ಪೊಲೀಸ್ನೋರು," ಎಂದ ವಿನೀತ್, ಫೋನನ್ನು ಎದೆಗೆ ಒತ್ತಿಕೊಂಡು.

ಗ್ರೀಸಿನ ಬೆಟ್ಟದೂರೊಂದರ ಕಾಲುದಾರಿಗಳಲ್ಲಿ ನಡೆಯಬೇಕೆಂದು ಹೋದ ವರದರಾಜ ಕಾಣೆಯಾಗಿ ಮೂರು ದಿನವಾಗಿತ್ತು. ಇತ್ತ ಸ್ಯಾನ್ ಡಿಯೇಗೊದಲ್ಲಿ, ಮೀರಾ ಮೆಸಾ ಬಡಾವಣೆಯ ಮನೆಯಲ್ಲಿ ಕೂತಿದ್ದ ಅವರ ಹೆಂಡತಿ ಕೋಕಿಲಾ, ಮಗನ ಮಾತಿಗೆ ದಡಕ್ಕನೆ ಎದ್ದರು.

"ಸಾಯೋಕೆ ಹೋಗೋನು ಸಾಕ್ಸ್ ಮಡಚಿಡ್ತಾನೇನೋ, ಪೆದ್ದೇ? ಹತ್ರ ಗುಡಿ ಇದೆಯಾ ಕೇಳು!"

"ಅಲ್ಲೆಲ್ಲಿ ಗುಡಿ ಅಮ್ಮಾ? ಚರ್ಚ್ ಇರುತ್ತೆ."

"ಯಾವ ದೇವರಾದ್ರೇನು? ನಿಮ್ಮಪ್ಪ ಮೆಟ್ಟಿಲ ಕೆಳಗೇ ಚಪ್ಪಲಿ ಬಿಡೋ ಮನುಷ್ಯ."

ವಿನೀತ್ ಫೋನಿನಲ್ಲಿ ವಿಚಾರಿಸಿದ. ಅಲ್ಲಿಂದ ನಲವತ್ತು ಮೆಟ್ಟಿಲು ಮೇಲೆ ಪುಟ್ಟದೊಂದು ಚರ್ಚು ಇದೆಯಂತೆ. ಪಾಳುಬಿದ್ದದ್ದು, ಯಾರೂ ಹೋಗುವುದಿಲ್ಲವಂತೆ. ನೋಡಿ ಬರುತ್ತೇವೆ, ಲೈನಿನಲ್ಲೇ ಇರಿ ಎಂದರು ಪೊಲೀಸರು.

"ನಾನು ಹೇಳ್ಲಿಲ್ವಾ!" ಮೂರು ದಿನದಲ್ಲಿ ಮೊದಲ ಸಲ ಕೋಕಿಲಾ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕೈಮುಗಿಯಲು ಒಳಗೆ ಹೋದವರು ಎರಡು ನಿಮಿಷಕ್ಕೆ ಹೊರಬಂದು ಶೂ ಹಾಕಿಕೊಳ್ಳುತ್ತಾರೆ. ಇವರು ಮೂರು ದಿನವಾದರೂ ಬಂದಿಲ್ಲ.

ಅತ್ತಲಿಂದ ಮತ್ತೆ ದನಿ ಬಂತು. ವಿನೀತ್ ಕೇಳಿಸಿಕೊಳ್ಳುತ್ತಲೇ ಗೋಡೆಗೆ ಒರಗಿದ. "ಚಾವಣಿ ಕುಸಿದಿದೆಯಂತೆ. ಅಪ್ಪ ಅದರಡಿ ಸಿಕ್ಕಿದಾರೆ. ಹೋಗ್ಬಿಟ್ಟಿದಾರಮ್ಮ."

"ಹಾರಿಲ್ಲ ಅಂತ ಬರ್ಕೊಳ್ಳೋಕೆ ಹೇಳು."

ವಿನೀತ್ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಕೋಕಿಲಾ ಅವನ ಕೈಯಿಂದ ಫೋನು ತೆಗೆದುಕೊಂಡು, ಗಂಡನ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಬಿಡಿಸಿ ಹೇಳತೊಡಗಿದರು.