ಒಣ ನದಿಯ ಅಂಬಿಗ

ಬಾಗಿಲು ತಟ್ಟುತ್ತಿರುವವರು ಯಾರೆಂದು ಎವಾರಿಸ್ತೊಗೆ ಗೊತ್ತಿತ್ತು. ತೆರೆಯುವ ಧೈರ್ಯವಿರಲಿಲ್ಲ. ತನ್ನ ಚಿತ್ರಕಥೆಯ ಅಂಬಿಗನನ್ನು ಅವನು ಕೊಂದ ಸಂಚಿಕೆ ಆ ಬೆಳಿಗ್ಗೆಯಷ್ಟೇ ಬ್ಯೂನಸ್ ಐರಿಸ್‌ನ ಅಂಗಡಿಗಳಿಗೆ ಬಂದಿತ್ತು.

"ಒಳಗಿದ್ದೀಯ ಅಂತ ಗೊತ್ತು ಕಣೋ. ಮಸಿ ವಾಸನೆ ಮೆಟ್ಟಿಲವರೆಗೂ ಬರ್ತಿದೆ."

ಕೆಳಮನೆಯ ಹೆರ್ಮಿನಿಯಾ, ಓಣಿಯವರೆಲ್ಲ ಗೌರವದಿಂದ ದೋನ್ಯಾ ಎನ್ನುವವಳು. ಒಂದು ಕೈಯಲ್ಲಿ ಕರಿದ ರೊಟ್ಟಿಯ ತಟ್ಟೆ, ಕಂಕುಳಲ್ಲಿ ಪತ್ರಿಕೆ. ಎವಾರಿಸ್ತೊ ಬಾಗಿಲು ತೆರೆದು, ಅವಳ ಮುಖ ನೋಡದೆ ಕುರ್ಚಿ ಎಳೆದುಕೊಟ್ಟ.

ಲೋಕವೆಲ್ಲ ಹಾಳಾಗಿ, ನದಿ ಒಣಗಿ, ಉಳಿದ ಹಿಡಿಯಷ್ಟು ಜನ ರೈಲಿನ ಸುರಂಗಗಳಲ್ಲಿ ಬದುಕುವ ಚಿತ್ರಕಥೆ ಅವನದು. ಕೆಸರಿನಲ್ಲಿ ದೋಣಿ ಎಳೆದು, ಸೈನಿಕರ ಕಣ್ಣು ತಪ್ಪಿಸಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುವವನೇ ಅಂಬಿಗ. ಮುಖವಾಗಲಿ ಬಟ್ಟೆಯಾಗಲಿ, ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವುದು ಎವಾರಿಸ್ತೊನ ಹಟ. ಹಟವೇನು ಬಂತು, ಬೇರೆ ಥರ ಅವನ ಕೈಯೇ ಓಡುತ್ತಿರಲಿಲ್ಲ. ಹೀಗಾಗಿ ಇಡೀ ಓಣಿಯೇ ಅವನ ಪುಟಗಳಲ್ಲಿ ಚಿಂದಿ ಉಟ್ಟು ಅಲೆಯುತ್ತಿತ್ತು. ಮಾಂಸದಂಗಡಿಯವನಂತೂ ತಾನು ನರಭಕ್ಷಕನಾಗಿರುವ ಪುಟವನ್ನು ಹಿಗ್ಗಿನಿಂದ ಗೋಡೆಗೆ ಅಂಟಿಸಿದ್ದ. ಅಂಬಿಗನಿಗೆ ಹೆರ್ಮಿನಿಯಾಳ ಒಬ್ಬನೇ ಮಗ ಲೌತಾರೊನ ಮುಖ.

ಚಳಿ ಶುರುವಾದಾಗ, ದೇಶದ ಆಡಳಿತ ಹಿಡಿದಿದ್ದ ಸೇನೆಯ ಕಡೆಯ ಇಬ್ಬರು ಪತ್ರಿಕೆಯ ಕಚೇರಿಗೆ ಬಂದಿದ್ದರು. "ನಿಮ್ಮ ಅಂಬಿಗ ಭೇಷಾಗಿದ್ದಾನೆ. ಯಾರ ಮುಖ ಅದು?"

"ಬರೀ ಕಲ್ಪನೆ, ಸ್ವಾಮಿ" ಎಂದಿದ್ದ ಎವಾರಿಸ್ತೊ. ಇಬ್ಬರೂ ನಕ್ಕಿದ್ದರು.

ಕೆಲವೇ ದಿನಗಳಲ್ಲಿ ನಂಬರಿಲ್ಲದ ಕಾರೊಂದು ಬಂದು ಲೌತಾರೊನನ್ನು ಎತ್ತಿಕೊಂಡು ಹೋಯಿತು. ಆ ದಿನದಿಂದಲೇ ಓಣಿಯಲ್ಲಿ ಕಾಣದೆ, ವಾರದ ಮೇಲೆ ಮನೆಗೆ ಬಂದ ಎವಾರಿಸ್ತೊ, ರೊಸಾರಿಯೊದ ಅಕ್ಕನ ಮನೆಗೆ ಹೋಗಿದ್ದೆ, ಈಗಷ್ಟೇ ತಿಳಿಯಿತು ಎಂದು ಹೆರ್ಮಿನಿಯಾಳ ಮುಂದೆ ಬಿಕ್ಕಿ ಬಿಕ್ಕಿ ಅತ್ತಿದ್ದ. ಸಮಾಧಾನ ಹೇಳಿದವಳು ಅವಳೇ.

ಆಮೇಲೆ ಅವಳು ಸುತ್ತದ ಠಾಣೆಯಿಲ್ಲ. ಮಗನ ಸುದ್ದಿ ಯಾರೂ ಹೇಳಲಿಲ್ಲ. ಅಂಬಿಗ ಮಾತ್ರ ವಾರವಾರ ತಪ್ಪದೆ ಬರುತ್ತಿದ್ದ. ಅವಳು ಪುಟಕ್ಕೆ ಮುತ್ತಿಟ್ಟು, ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು.

ಅಂಥವನನ್ನು ಎವಾರಿಸ್ತೊ ಕೊಂದುಬಿಟ್ಟಿದ್ದ. ಕೊಲ್ಲು ಎಂದು ಯಾರೂ ಹೇಳಿರಲಿಲ್ಲ. ಬರೆಯದೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಪುಟ ನೋಡಿದ ಸಂಪಾದಕ ನಕ್ಕಿದ್ದ: "ನದಿಯ ತಳಕ್ಕೆ ಟೈಲ್ಸ್ ಯಾವಾಗ ಹಾಕಿಸಿದೆ ಮಾರಾಯಾ?" ಎವಾರಿಸ್ತೊ ಬೆವರುತ್ತ ಟೈಲ್ಸ್ ಮೇಲೆಲ್ಲ ಕೆಸರು ಬಳಿದುಕೊಟ್ಟಿದ್ದ.

"ಯಾಕೋ ಸಾಯಿಸ್ದೆ ಅವನ್ನ?" ಹೆರ್ಮಿನಿಯಾ ಕೇಳಿದಳು.

"ಸಂಪಾದಕರ ಹಟ, ದೋನ್ಯಾ." ಹೇಳಿದ ಸುಳ್ಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. "ತಪ್ಪಾಯ್ತು. ಮುಂದಿನ ವಾರ ಎಬ್ಬಿಸ್ತೀನಿ. ಕಥೆ ತಾನೇ, ಹೇಗೆ ಬೇಕಾದ್ರೂ ತಿರುಗಿಸ್ಬಹುದು."

"ಎಬ್ಬಿಸ್ತೀಯಾ?"

"ನಿಮ್ಮಾಣೆ."

ಅವಳು ತಟ್ಟೆಯನ್ನು ಅವನತ್ತ ಸರಿಸಿದಳು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಅವನ ಜೀವ ಹಗುರಾಯಿತು. ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

ಹೆರ್ಮಿನಿಯಾ ಕನ್ನಡಕ ಏರಿಸಿ ಪತ್ರಿಕೆ ಬಿಡಿಸಿದಳು. ಕೆಸರಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ಅಂಬಿಗ. ಅವನ ಸ್ವೆಟರಿನ ಮೊಣಕೈಯ ಮೇಲೆ ಅವಳ ಬೆರಳು ನಿಂತಿತು.

"ಈ ಚುಕ್ಕಿ ತೇಪೆ ನನ್ನ ಹಳೇ ಲಂಗದ್ದು, ಎವಾರಿಸ್ತೊ. ಆ ಸಂಜೆ ಹೊಲಿದು, ದಾರ ಹಲ್ಲಲ್ಲಿ ಕಡಿದು, ನಾನೇ ತೊಡಿಸ್ದೆ. ತೊಡಿಸ್ತಿದ್ದ ಹಾಗೇ ಅವರು ಬಾಗಿಲು ಒಡೆದ್ರು. ಆ ವಾರ ನೀನು ಅಕ್ಕನ ಮನೇಲಿರ್ಲಿಲ್ಲ, ಅವನಿದ್ದ ಕಡೆನೇ ಇದ್ದೆ. ಕಾಣದ್ದನ್ನ ಬರೆಯೋನೂ ನೀನಲ್ಲ. ಹೇಳು, ನನ್ನ ಮಗನ್ನ ಎಲ್ಲಿ ಹೀಗೆ ಮಲಗಿಸಿದ್ದಾರೆ?"